ಖಣಿಯೊಳಗೆ ಪಾಚಿ ಕಾಯ್ದದ್ದು

"ಒಡದದೋ ನಾಗ್ಯಾ, ಹಾಲು ಒಡದಂಗ ಒಡದದ. ಗಳ ತಗೋ," ಎಂದು ಮೈಬೂಬ ಚಾಚಾ ಹೇಳುವ ಹೊತ್ತಿಗೆ ನಾನು ತೊಟ್ಟಿಯ ಕಟ್ಟೆ ಹತ್ತಿ ನಿಂತಿದ್ದೆ. ಕರೆಂಟು ಹೋಗಿ ನೀರು ತಿರುಗಿಸುವ ಚಕ್ರ ನಿಂತಿತ್ತು. ಬೆಳಿಗ್ಗೆ ಒಂದೇ ಬಣ್ಣ ಇದ್ದ ಹಸಿರು ನೀರು ಈಗ ಮೇಲಿನಿಂದ ನೋಡಿದರೆ ಚುಕ್ಕೆ ಚುಕ್ಕೆ. ಗಾಜಿನ ಬದಿಯಿಂದ ನೋಡಿದರೆ ಹಸಿರು ಎಳೆಗಳು ಮೇಲಿನಿಂದ ಕೆಳಕ್ಕೆ ಇಳಿಬಿದ್ದಿದ್ದವು, ನಡುನಡುವೆ ಬರೀ ತಿಳಿನೀರು.

ನಾನೊಂದು ಗಳ, ಚಾಚಾ ಒಂದು ಗಳ. ಆ ಬದಿಯಿಂದ ಅವರು, ಈ ಬದಿಯಿಂದ ನಾನು, ತಿರುವಿದ್ದೇ ತಿರುವಿದ್ದು. ಎಳೆಗಳು ಹೋದವು, ನೀರು ಮತ್ತೆ ಒಂದೇ ಬಣ್ಣ ಆಯಿತು. ಖುಷಿಯಾಗಿ ಗಳ ಇಟ್ಟು ಬೀಡಿ ಹಚ್ಚುವಷ್ಟರಲ್ಲಿ ಮತ್ತೆ ಎಳೆ. ಮತ್ತೆ ತಿರುವಿದೆವು. ಮತ್ತೆ ಎಳೆ. ಬೆವರು ತೊಟ್ಟಿಯೊಳಗೆ ಬೀಳದಂತೆ ಚಾಚಾ ತಲೆಗೆ ಟವೆಲ್ ಕಟ್ಟಿಕೊಂಡರು.

ಸುಧಾ ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ಖಣಿಯ ಮೆಟ್ಟಿಲು ಇಳಿದು ಬಂದದ್ದು ಆಗ. ಈ ಪಾಚಿಯ ಕೆಲಸ ಶುರು ಮಾಡಿದ್ದೇ ಅವರು.

"ಏನ್ ಮಾಡ್ಲಿಕತ್ತೀರಿ ಚಾಚಾ?"

"ಒಡದದ ಮೇಡಂ. ಕೂಡಸ್ಲಿಕತ್ತೀವಿ."

ಅವರು ಗಾಜಿನ ಹತ್ತಿರ ಹೋಗಿ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕುಳಿತು ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಅವು ಈಸ್ಲಿಕತ್ತಾವ ಚಾಚಾ. ನಾವು ಜೀವಂತ ಇದೀವಿ ಅಂತ ತೋರಸ್ಲಿಕತ್ತಾವ. ನೀವು ನೋಡಿದ್ರ ಗಳ ತಗೊಂಡು ಹೊಡೀಲಿಕತ್ತೀರಿ."

ಚಾಚಾ ಗಳ ಕೆಳಗಿಟ್ಟರು. "ಹೊಡದಿಲ್ಲ. ಕಲಸೀವಿ," ಎಂದರು.

ಈ ಕೆಲಸದಲ್ಲಿ ನಾನು ಮೊದಲು ಕಲಿತ ಪಾಠ ಇದು. ಚೆನ್ನಾಗಿದ್ದದ್ದು ಕೆಟ್ಟಂತೆ ಕಾಣುತ್ತದೆ. ಕೆಟ್ಟದ್ದು ಚೆನ್ನಾಗಿದ್ದಂತೆ ಕಾಣುತ್ತದೆ.

ನಾನು ಈಗ ಆ ಕೆಲಸದಲ್ಲಿಲ್ಲ. ನಿವೃತ್ತಿ ಆಗಲು ಅರವತ್ತು ತುಂಬಬೇಕು ಎಂದು ಯಾರು ಹೇಳಿದ್ದು. ಕೆಲಸ ಮುಚ್ಚಿದರೆ ಮೂವತ್ತಕ್ಕೂ ನಿವೃತ್ತಿಯೇ. ಚಂದ್ರಂಪಳ್ಳಿ ಡ್ಯಾಮಿನ ಕಡೆ ಇಂಥದ್ದೇ ಒಂದು ಘಟಕ ಬರುತ್ತದಂತೆ. ಸೇರುವ ಹುಡುಗರು ಚಿಂಚೋಳಿಯಿಂದ ಫೋನ್ ಮಾಡಿ ಏನು ಕೆಲಸ, ಹೇಗೆ ಕೆಲಸ ಎಂದು ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಒಮ್ಮೆ ಬರೆದರೆ ಆಯಿತು. ನಾನು ಓದಿದ್ದು ಏಳನೇ ತರಗತಿ. ಚೆಂದ ಮಾಡಿ ಬರೆಯಲು ಬರುವುದಿಲ್ಲ, ಅದು ಬೇಕಾಗಿಯೂ ಇಲ್ಲ.

ನನ್ನ ಊರು ಸೇಡಂ ತಾಲ್ಲೂಕಿನ ಕುರಕುಂಟಾ. ಮೊದಲು ಚಿತ್ತಾಪುರದ ಒಂದು ಕಲ್ಲು ಪಾಲಿಶ್ ಘಟಕದಲ್ಲಿದ್ದೆ. ಫರಸಿ ಕಲ್ಲು ಉಜ್ಜುವಾಗ ಹೊರಡುವ ಬಿಳಿ ರಾಡಿ ಇದೆಯಲ್ಲ, ಅದಕ್ಕೆ ಸ್ಲರಿ ಅನ್ನುತ್ತಾರೆ, ಅದನ್ನು ಹೊಂಡದಿಂದ ಎತ್ತಿ ಹಾಕುವುದು ನನ್ನ ಕೆಲಸ. ಮೈ, ಕೂದಲು, ರೊಟ್ಟಿ ಎಲ್ಲ ಬಿಳಿ. ಅಲ್ಲಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದವನು. ಮತ್ತೆ ಅಲ್ಲಿಗೆ ಹೋಗಬಾರದು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು.

ಇದು ಶಹಾಬಾದಿನ ಹೊರಗೆ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ. ತಳದಲ್ಲಿ ಒಂದು ಕಡೆ ಮಳೆನೀರು ನಿಂತ ಮಡು, ಇನ್ನೊಂದು ಕಡೆ ಒಣ ನೆಲ. ಒಣ ನೆಲದ ಮೇಲೆ ದೊಡ್ಡ ತೊಟ್ಟಿಗಳು. ಅದಕ್ಕಿಂತ ಎತ್ತರದ ಕಲ್ಲಿನ ಕಟ್ಟೆಯ ಮೇಲೆ ಒಂದು ಗಾಜಿನ ತೊಟ್ಟಿ. ಅದು ಬೀಜದ ತೊಟ್ಟಿ. ಪಕ್ಕದಲ್ಲಿ ತಗಡಿನ ಕೋಣೆ, ನಾನು ಮಲಗುವುದು ಅದರಲ್ಲಿ. ಖಣಿ ತಂಪು, ಗೋಡೆಯ ನೆರಳು ಇದೆ, ಅದಕ್ಕೇ ಆ ಜಾಗ ಆರಿಸಿದ್ದು. ಮಾಲಕರು ಹೈದರಾಬಾದಿನವರು. ವರ್ಷಕ್ಕೊಮ್ಮೆ ಬಂದು ಮೇಲಿನಿಂದ ಇಣುಕಿ ಹೋಗುವರು.

ಪಾಚಿ ಎಂದರೆ ಬಾವಿ ಮೆಟ್ಟಿಲ ಮೇಲಿನ ಜಾರುವ ಪಾಚಿ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದು, ಒಂದೊಂದೂ ಬೇರೆ ಬೇರೆ, ಒಂದೊಂದಕ್ಕೂ ಮುಂದುಗಡೆ ಎರಡು ಮೀಸೆ. ಆ ಮೀಸೆ ಬಡಿದು ಈಸುತ್ತದೆ. ಇಂಗ್ಲಿಷಿನಲ್ಲಿ ಉದ್ದ ಹೆಸರಿದೆ, ನನಗೆ ಬರೆಯಲು ಬರುವುದಿಲ್ಲ. ಸುಖವಾಗಿದ್ದರೆ ಹಸಿರು, ಈಸುತ್ತಲೇ ಇರುತ್ತದೆ. ಕಷ್ಟ ಬಂದರೆ ಮೀಸೆ ಉದುರಿಸಿ, ಗುಂಡಗಾಗಿ, ಕೆಂಪಾಗಿ ತಳಕ್ಕೆ ಕೂರುತ್ತದೆ. ಮಾರುವುದು ಆ ಕೆಂಪನ್ನು. ಒಣಗಿಸಿ ಪುಡಿ ಮಾಡಿದರೆ ಸಿಗಡಿ ಸಾಕುವವರು, ಗುಳಿಗೆ ಮಾಡುವವರು ಒಯ್ಯುತ್ತಾರೆ. ಆದರೆ ಕೆಂಪು ಮಾಡಲು ಮೊದಲು ಹಸಿರು ಬೇಕು. ಬೀಜದ ತೊಟ್ಟಿ ಯಾವತ್ತೂ ಹಸಿರಾಗಿಯೇ ಇರಬೇಕು, ಅಲ್ಲಿಂದ ಕೆಳಗಿನ ತೊಟ್ಟಿಗೆ ಬಿಡಬೇಕು.

"ಬಾಕಿ ಎಲ್ಲಾ ಹೋದ್ರೂ ಚಿಂತಿಲ್ಲ," ಎಂದು ಸುಧಾ ಮೇಡಂ ಮೊದಲ ದಿನವೇ ಹೇಳಿದ್ದರು. "ಈ ತೊಟ್ಟಿ ಹೋದ್ರ ಘಟಕ ಹೋತು. ನೀ ಹೋದಿ, ನಾ ಹೋದೆ, ಚಾಚಾ ಹೋದ್ರು."

"ನನ್ನ ಯಾಕ ಎಳೀತೀರಿ ಮೇಡಂ, ನಾ ಪಂಪಿನಂವ," ಎಂದಿದ್ದರು ಚಾಚಾ.

ಮೈಬೂಬ ಚಾಚಾ ಶಹಾಬಾದಿನವರೇ. ಅವರ ಅಜ್ಜನ ಅಜ್ಜನೂ ಅಲ್ಲೇ ಕಲ್ಲು ಒಡೆದವರಂತೆ. ಇವರು ಮಾತ್ರ ಪಂಪು ರಿಪೇರಿ. ಪಂಪಿಗೆ ಕಿವಿ ಹಚ್ಚಿ ಏನಾಗಿದೆ ಎಂದು ಹೇಳುವರು, ಅರ್ಧ ಸಲ ತಪ್ಪು ಹೇಳುವರು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಆಗ ಅದು ಕಿರಿಕಿರಿ ಅನ್ನಿಸುತ್ತಿತ್ತು.

ಈಸುವುದರ ಲೆಕ್ಕ ಮೇಡಂ ಹೇಳಿಕೊಟ್ಟಿದ್ದು ಹೀಗೆ. ತಂಬಿಗೆಗೆ ಸ್ವಲ್ಪ ಮರಳು ಹಾಕಿ ನೀರಲ್ಲಿ ಬಿಟ್ಟರೆ ನೆಟ್ಟಗೆ ನಿಲ್ಲುತ್ತದೆ, ತಳ ಭಾರ. ಈ ಪಾಚಿಯೂ ತಳ ಭಾರ. ಹಾಗಾಗಿ ಮುಖ ಯಾವಾಗಲೂ ಮೇಲಕ್ಕೆ, ಈಸುವುದೂ ಮೇಲಕ್ಕೆ. ನೀರು ನಿಂತರೆ ಎಲ್ಲವೂ ಮೇಲೆ ಹೋಗಿ ಜಮಾ ಆಗುತ್ತವೆ. ಮೇಲೆ ಗದ್ದಲ ಹೆಚ್ಚಾದರೆ ಆ ನೀರೇ ಭಾರವಾಗಿ ಕೆಳಗೆ ಜಾರುತ್ತದೆ. ಜಾರುವ ನೀರಿನ ಕಡೆಗೆ ಅಕ್ಕಪಕ್ಕದವೂ ವಾಲುತ್ತವೆ, ಅವೂ ಅದರೊಳಗೇ ಬೀಳುತ್ತವೆ. ಅದೇ ನಾವು ನೋಡಿದ ಎಳೆ. ತಳಕ್ಕೆ ಹೋದವು ಬದಿಯಿಂದ ಮತ್ತೆ ಮೇಲೆ ಈಸುತ್ತವೆ, ಮತ್ತೆ ಬೀಳುತ್ತವೆ. ಸತ್ತ ಪಾಚಿಯಲ್ಲಿ ಎಳೆ ಬರುವುದಿಲ್ಲ. ಅದು ಸುಮ್ಮನೆ ಕೂರುತ್ತದೆ.

ಚಾಚಾ ಅದಕ್ಕೆ ಶ್ಯಾವಿಗಿ ಎಂದು ಹೆಸರಿಟ್ಟರು. ಈದಿನ ಮುಂಚೆ ಅವರ ಮನೆಯಲ್ಲಿ ಹಗ್ಗದ ಮೇಲೆ ಒಣಹಾಕಿದ ಶ್ಯಾವಿಗೆ ಹಾಗೇ ಕಾಣುತ್ತದಂತೆ. ಅಂದಿನಿಂದ ಮಧ್ಯಾಹ್ನ ರೊಟ್ಟಿ ತಿನ್ನುವ ಮುಂಚೆ ಬೀಜದ ತೊಟ್ಟಿಯ ಚಕ್ರ ನಿಲ್ಲಿಸಿ ನೋಡುವುದು ನಮ್ಮ ರೂಢಿ ಆಯಿತು. ರೊಟ್ಟಿ ಬಿಚ್ಚುವುದರೊಳಗೆ ಎಳೆ ಬಿದ್ದರೆ ನೀರು ಚೆನ್ನಾಗಿದೆ. ರೊಟ್ಟಿ ಮುಗಿದರೂ ಬೀಳದಿದ್ದರೆ ಮೇಡಂಗೆ ಫೋನ್.

"ಶ್ಯಾವಿಗಿ ಬಿತ್ತೇನೋ?" ಎಂದು ಚಾಚಾ ಪಂಪಿನ ಕಡೆಯಿಂದ ಕೇಳುವರು.

"ಬಿತ್ತು."

"ದಪ್ಪಗೋ, ಸಣ್ಣಗೋ?"

"ಸಣ್ಣಗ."

"ಹಂಗಾದ್ರ ಬಾ, ಉಣ್ಣಮು."

ಹೊಸಬರು ಈ ರೂಢಿ ಇಟ್ಟುಕೊಳ್ಳಿ. ಮೀಟರು ಕೊಡುತ್ತಾರೆ, ಮೀಟರೂ ನೋಡಿ. ಇದನ್ನೂ ನೋಡಿ.

ಈಗ ರಾಚಯ್ಯ ಸಾಹೇಬರ ವಿಷಯ. ಮೇಡಂ ಕಲಬುರಗಿಯಲ್ಲೂ ಕೆಲಸ ಇದ್ದವರು, ದಿನಾ ಬರಲು ಆಗುತ್ತಿರಲಿಲ್ಲ. ಮಾಲಕರು ಮೇನೇಜರ್ ಎಂದು ರಾಚಯ್ಯ ಸಾಹೇಬರನ್ನು ಇಟ್ಟರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಒಳ್ಳೆ ಮನುಷ್ಯ. ಜೀವನ ಎಲ್ಲ ಪಾಲಿಶ್ ಘಟಕದಲ್ಲಿ ಕಳೆದವರು. ಅವರಿಗೆ ಗೊತ್ತಿದ್ದ ನೀರು ಒಂದೇ, ಸ್ಲರಿ. ಸ್ಲರಿ ನಿಂತರೆ ಕೂರುತ್ತದೆ, ಕೂತರೆ ಕಲ್ಲಾಗುತ್ತದೆ, ಕಲ್ಲಾದರೆ ಹಾರೆಯಿಂದ ಒಡೆಯಬೇಕು. ನಮ್ಮ ಭಾಗದಲ್ಲಿ ಇದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಅದಕ್ಕೇ ಅವರು ಮಾಡಿದ್ದು ಯಾರಿಗೂ ತಪ್ಪು ಅನ್ನಿಸಲಿಲ್ಲ.

ಒಂದು ದಿನ ಕೆಳಗಿನ ತೊಟ್ಟಿಯ ತಳದಲ್ಲಿ ಸ್ವಲ್ಪ ಪಾಚಿ ಕೂತಿತ್ತು. ಸಾಹೇಬರು ಕೈ ಹಾಕಿ ನೋಡಿದರು.

"ಕೂತದಲ್ಲೋ. ಮೇಡಂ ಏನಂದಿದ್ರು?"

"ನೀರು ನಿಂದ್ರಬಾರದು ಅಂದಿದ್ರು ಸಾಹೇಬ್ರ."

"ಮತ್ತ? ನಿಮ್ ಚಕ್ರ ಮುದುಕಿ ನಡದಂಗ ತಿರಗ್ತದ. ಜೋರ ತಿರಗಬೇಕು."

ಮಾರನೇ ದಿನ ಚಿತ್ತಾಪುರದಿಂದ ಸ್ಲರಿ ಪಂಪು ಬಂತು. ಚಾಚಾ ಅದನ್ನು ಪ್ರೀತಿಯಿಂದ ಕೂಡಿಸಿದರು, ದೊಡ್ಡ ಪಂಪು ಎಂದರೆ ಅವರಿಗೆ ಖುಷಿ. ಶುರು ಮಾಡಿದಾಗ ತೊಟ್ಟಿಯ ನೀರು ಕುದಿಯುವ ಸಾರಿನಂತೆ ಎದ್ದಿತು. ಮರುದಿನ ತಳದಲ್ಲಿ ಇನ್ನೂ ಜಾಸ್ತಿ ಕೂತಿತ್ತು. ಸಾಹೇಬರು ಪಂಪು ಇನ್ನೂ ಹೆಚ್ಚು ಹೊತ್ತು ಓಡಿಸಿ ಎಂದರು. ಇನ್ನೂ ಜಾಸ್ತಿ ಕೂತಿತು. ವಾರದೊಳಗೆ ತೊಟ್ಟಿಗಳೆಲ್ಲ ಕೆಂಪಾದವು.

ಕೆಂಪು ಎಂದರೆ ಮಾಲು. ಮಾಲಕರಿಗೆ ಇಷ್ಟು ಬೇಗ ಮಾಲು ಎಂದೂ ಸಿಕ್ಕಿರಲಿಲ್ಲ. ಖುಷಿಯಾಗಿ ಕಲಬುರಗಿಯಿಂದ ಮಾಲಪುರಿ ಕಳಿಸಿದರು. ನಾನು, ಚಾಚಾ, ಸಾಹೇಬರು ಕಟ್ಟೆಯ ಮೇಲೆ ಕುಳಿತು ತಿಂದೆವು.

"ನೋಡ್ರಿ, ತಿರಗಸೋದು ಅಂದ್ರ ಹಿಂಗ," ಎಂದರು ಸಾಹೇಬರು.

"ಪಂಪ್ ಕೂಡಸ್ದಾಂವ ಯಾರು," ಎಂದರು ಚಾಚಾ, ಬಾಯಿ ತುಂಬ ಮಾಲಪುರಿ.

ಮೇಡಂ ಬಂದು ನೋಡಿ ನಗಲಿಲ್ಲ. ಅಷ್ಟು ಜೋರು ನೀರಿಗೆ ಮೀಸೆ ಉದುರಿ ಹೋಗುತ್ತದೆ, ಮೀಸೆ ಇಲ್ಲದ್ದು ಈಸುವುದಿಲ್ಲ, ಈಸದ್ದು ಕೂರುತ್ತದೆ, ನೀವು ಕೂತಿದ್ದಕ್ಕೆ ಇನ್ನೂ ಜೋರು ತಿರುಗಿಸಿದಿರಿ ಎಂದರು. ಕೆಂಪಾಗಿದ್ದು ಕಷ್ಟಕ್ಕೆ. ಹಸಿರು ಸಾಕಷ್ಟು ಬೆಳೆಯುವ ಮುಂಚೆಯೇ ಕೆಂಪಾಗಿದೆ, ಪುಡಿ ತೂಕಕ್ಕೆ ಬರುವುದಿಲ್ಲ. ಹಾಗೇ ಆಯಿತು. ಮಾಲು ಬಂತು, ಹಿಡಿಯಷ್ಟು. ಸಾಹೇಬರು ತಲೆ ಆಡಿಸಿದರು. "ನಂಗ ಗೊತ್ತಿದ್ದಿಲ್ಲ ಮೇಡಂ. ಸ್ಲರಿಗೆ ಜೀವ ಇರಂಗಿಲ್ಲ," ಎಂದರು. ಪಂಪು ಬಿಚ್ಚಿ ವಾಪಸ್ಸು ಕಳಿಸಿದರು. ಆ ದಿನ ಚಾಚಾ ಒಬ್ಬರೇ ಬೇಜಾರಾಗಿದ್ದರು, ಪಂಪಿಗಾಗಿ.

ಪುಣ್ಯಕ್ಕೆ ಬೀಜದ ತೊಟ್ಟಿಗೆ ಆ ಪಂಪು ಹಚ್ಚಿರಲಿಲ್ಲ. ಪೈಪು ಮುಟ್ಟಲಿಲ್ಲ, ಅಷ್ಟೇ ಕಾರಣ.

ಇನ್ನೊಂದು, ನಲ್ಲಿಯ ಕತೆ. ಇದು ಹೊಸಬರು ಸರಿಯಾಗಿ ತಿಳಿಯಬೇಕು, ಯಾಕೆಂದರೆ ಇದೇ ತಪ್ಪು ಎಲ್ಲ ಕಡೆ ಆಗುತ್ತದೆ.

ಬೀಜದ ತೊಟ್ಟಿಯಿಂದ ಕೆಳಗಿನ ತೊಟ್ಟಿಗೆ ಒಂದು ಪಾರದರ್ಶಕ ಪೈಪು ನೆಟ್ಟಗೆ ಇಳಿಯುತ್ತಿತ್ತು. ಕೆಳಗಿನಿಂದ ಮೇಲಕ್ಕೆ ನೀರು ಏರಿಸಲು ಅಂಥದ್ದೇ ಇನ್ನೊಂದು. ಏರುವ ಪೈಪಿನ ಒಳಗೋಡೆಗೆ ಸದಾ ಹಸಿರು ಹಿಡಿಯುತ್ತಿತ್ತು, ಅದನ್ನು ಉಜ್ಜುವುದು ನನ್ನ ಕೆಲಸ. ಇಳಿಯುವ ಪೈಪು ಯಾವಾಗಲೂ ಚೊಕ್ಕ. ಒಳ್ಳೆಯ ಪೈಪು, ಕೆಟ್ಟ ಪೈಪು ಎಂದು ನಾವು ಅಂದುಕೊಂಡಿದ್ದೆವು. ಒಂದೇ ಅಂಗಡಿಯಿಂದ ತಂದದ್ದು.

ನೀರು ಹೇಗಿದೆ ಎಂದು ನೋಡಲು ಸಾಹೇಬರು ಇಳಿಯುವ ಪೈಪಿನ ಬದಿಗೆ ಒಂದು ನಲ್ಲಿ ಹಾಕಿಸಿದರು. ನಲ್ಲಿ ಬಿಟ್ಟು ಲೋಟಕ್ಕೆ ಹಿಡಿದರೆ ಬಣ್ಣ ನೋಡಬಹುದು, ಮೆಟ್ಟಿಲು ಹತ್ತುವುದು ಬೇಡ. ಮೊದಲ ದಿನವೇ ಲೋಟದಲ್ಲಿ ತಿಳಿನೀರು. ಎರಡನೇ ಸಲವೂ ತಿಳಿನೀರು.

"ಬೀಜ ಸತ್ತದ," ಎಂದು ಸಾಹೇಬರು ಪೇಟ ತೆಗೆದು ಕುಳಿತರು.

ಬೀಜ ಸತ್ತರೆ ಘಟಕ ಸತ್ತಿತು. ಮೇಡಂ ಫೋನಿಗೆ ಸಿಗಲಿಲ್ಲ. ಹಾಳಾದ ನೀರು ಹಾಗೇ ಬಿಟ್ಟರೆ ಉಳಿದ ತೊಟ್ಟಿಗಳಿಗೂ ಹತ್ತುತ್ತದೆ ಎಂದು ಮೊನ್ನೆ ಹೊಸ ಬೀಜ ಬಿಟ್ಟಿದ್ದ ಕೆಳಗಿನ ತೊಟ್ಟಿಯನ್ನು ಖಾಲಿ ಮಾಡಿಸಿದರು. ಮೂವರೂ ಸೇರಿ ಮಾಡಿದೆವು. ಇನ್ನು ಬೀಜದ ತೊಟ್ಟಿಯನ್ನೂ ಖಾಲಿ ಮಾಡಬೇಕು ಎಂದು ನಾನು ಕಟ್ಟೆ ಹತ್ತಿದೆ. ರೊಟ್ಟಿಯ ಹೊತ್ತು. ಕೈ ರೂಢಿಯಂತೆ ಚಕ್ರ ನಿಲ್ಲಿಸಿತು. ಗಾಜಿನಲ್ಲಿ ಶ್ಯಾವಿಗೆ.

"ಚಾಚಾ, ಬಿದ್ದಾವ," ಎಂದೆ.

"ಏನು?"

"ಶ್ಯಾವಿಗಿ."

"ಸತ್ತದ್ದು ಬೀಳ್ತದೇನೋ?"

"ಬಂದು ನೋಡ್ರಿ."

ಮೂವರೂ ಗಾಜಿನ ಮುಂದೆ ನಿಂತೆವು. ತೊಟ್ಟಿಯಲ್ಲಿ ಹಸಿರು, ನಲ್ಲಿಯಲ್ಲಿ ತಿಳಿ. ಯಾರಿಗೂ ತಲೆ ಓಡಲಿಲ್ಲ. ಸಾಹೇಬರು ನಲ್ಲಿಗೆ ಕೈ ಮುಗಿದರು, ತಮಾಷೆಗೆ ಅಲ್ಲ.

ಸಂಜೆ ಮೇಡಂ ಫೋನಿಗೆ ಸಿಕ್ಕರು. ಪೈಪಿನಲ್ಲಿ ನಡುವಿನ ನೀರು ಓಡುತ್ತದೆ, ಗೋಡೆಯ ಹತ್ತಿರದ್ದು ಹಿಂದೆ ಬೀಳುತ್ತದೆ ಎಂದರು. ನೀರು ಇಳಿಯುವಾಗ ಪಾಚಿಯ ಯಾವ ಬದಿ ಪೈಪಿನ ನಡುವಿಗೆ ಹತ್ತಿರವೋ ಅದನ್ನು ಹೆಚ್ಚು ಕೆಳಗೆ ಎಳೆಯುತ್ತದೆ. ಒಂದು ಬದಿ ಕೆಳಗೆ ಎಳೆದರೆ ತಲೆ ಆ ಕಡೆಗೇ ವಾಲುತ್ತದೆ. ತಲೆ ವಾಲಿದ ಕಡೆಗೆ ಈಸುತ್ತದೆ. ಹಾಗೆ ಎಲ್ಲವೂ ನಡುವಿಗೆ ಬಂದು ಒಂದೇ ಸಾಲಾಗಿ ಇಳಿಯುತ್ತವೆ. ನೀರು ಏರುವಾಗ ಉಲ್ಟಾ, ತಲೆ ಗೋಡೆಯ ಕಡೆ ವಾಲುತ್ತದೆ, ಗೋಡೆಗೆ ಹೋಗಿ ಹತ್ತುತ್ತವೆ. ನೀವು ಗೋಡೆಗೆ ನಲ್ಲಿ ಹಾಕಿ ನಡುವಿನದ್ದು ಬರಲಿ ಅಂದರೆ ಹೇಗೆ ಬರುತ್ತದೆ.

ಇಳಿದು ಬಂದು ನಿಧಾನ ನೀರು ಬಿಟ್ಟು, ಪೈಪಿನ ಹಿಂದೆ ಟಾರ್ಚ್ ಹಿಡಿದು ನೋಡಿದೆವು. ಇಳಿಯುವ ಪೈಪಿನ ಸರಿ ನಡುವೆ ಒಂದು ಹಸಿರು ಎಳೆ. ದಿನಾ ಎದುರಿಗೇ ಇದ್ದದ್ದು. ನಿಧಾನ ಬಿಟ್ಟಾಗ ಮಾತ್ರ ಕಾಣುತ್ತದೆ, ಜೋರು ಬಿಟ್ಟರೆ ಎಲ್ಲ ಕಲಸಿ ಹೋಗುತ್ತದೆ.

"ಅಂದ್ರ ನಾವು ಹೊರಗ ಚೆಲ್ಲಿದ್ದು?" ಎಂದು ಸಾಹೇಬರು ಕೇಳಿದರು.

"ಹಸಿರಿತ್ತು ಸಾಹೇಬ್ರ," ಎಂದರು ಚಾಚಾ. "ನನ್ನ ಕಾಲಿಗಿ ಇನ್ನಾ ಹತ್ತೇದ ನೋಡ್ರಿ."

ಇದನ್ನು ಮನುಷ್ಯರಿಗೆ ಹೋಲಿಸಿ ಮಾತಾಡುವವರು ಇದ್ದಾರೆ. ಒಂದು ಸಲ ಕಾಲೇಜಿನ ಮಕ್ಕಳು ನೋಡಲು ಬಂದಾಗ ಅವರ ಮೇಷ್ಟ್ರು ಹಾಗೆ ಮಾತಾಡಿದರು. ನೀವು ಮಾಡಬೇಡಿ. ಅದು ತಳ ಭಾರದ ಪಾಚಿ, ನೀರು ಎಳೆದ ಕಡೆ ವಾಲುತ್ತದೆ. ಅಷ್ಟೇ.

ಆಮೇಲೆ ಒಬ್ಬೊಬ್ಬರೇ ಹೋದರು. ಮೇಡಂ ಮೊದಲು. ಅವರ ಕಲಬುರಗಿಯ ಕೆಲಸ ಮುಗಿದು ದೂರ ಎಲ್ಲೋ ಸಮುದ್ರದ ಕಡೆಯ ಊರಿಗೆ ಹೋದರು. ಹೋಗುವ ಮುಂಚೆ ಬಂದು ಗಾಜಿನ ಮುಂದೆ ಬಹಳ ಹೊತ್ತು ನಿಂತರು.

"ನಾಗಪ್ಪಾ, ಮಳಿಗಾಲದ ತನಕ ಇದನ್ನ ಹಸಿರ ಇಡು. ಘಟಕ ಕೊಳ್ಳೋರು ಬರ್ತಾರಂತ ಮಾಲಕರು ಅಂದಾರ. ಅವರು ಬಂದಾಗ ಜೀವಂತ ಇದ್ರ ಘಟಕ ನಡೀತದ. ಇಲ್ಲಾಂದ್ರ ಮುಚ್ತಾರ."

"ಇಡ್ತೀನ್ರಿ."

"ಬಿಸಲು ಭಾಳ ಇರ್ತದ."

"ಗೊತ್ತದ್ರಿ."

ನನ್ನನ್ನು ನಾಗ್ಯಾ ಅನ್ನದೆ ನಾಗಪ್ಪ ಎಂದು ಕರೆಯುತ್ತಿದ್ದವರು ಅವರೊಬ್ಬರೇ.

ಆಮೇಲೆ ಚಾಚಾ. ಮೊಣಕಾಲು ಹಿಡಿದುಕೊಂಡಿತು, ಖಣಿಯ ಮೆಟ್ಟಿಲು ಆಗಲಿಲ್ಲ. ವಾಡಿ ಸ್ಟೇಷನ್ ಹತ್ತಿರ ಅವರ ಅಳಿಯ ಸುಟ್ಟ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ, ಅಲ್ಲಿ ಹೋಗಿ ಕುಳಿತರು. ಕೆಳಗಿನ ತೊಟ್ಟಿಗಳನ್ನು ಮಾಲಕರು ಒಣಗಿಸಿ ಬಿಟ್ಟರು, ಕರೆಂಟು ಉಳಿಯಲಿ ಎಂದು. ಸಾಹೇಬರು ಚಿತ್ತಾಪುರದಿಂದಲೇ ಫೋನಿನಲ್ಲಿ ಮೇನೇಜರ್. ಖಣಿಯಲ್ಲಿ ಉಳಿದದ್ದು ಒಂದು ಗಾಜಿನ ತೊಟ್ಟಿ, ನಾನು.

ಖಣಿಯ ತಳದಲ್ಲಿ ಫೋನು ಹತ್ತುವುದಿಲ್ಲ. ಮಾತಾಡಬೇಕಾದರೆ ಮೆಟ್ಟಿಲು ಹತ್ತಿ ಮೇಲೆ ಬರಬೇಕು. ಮೊದಮೊದಲು ದಿನಾ ಹತ್ತಿದೆ. ಚಾಚಾಗೆ ಫೋನ್ ಮಾಡಿದರೆ ಆ ಕಡೆ ರೈಲಿನ ಸದ್ದು.

"ತಡಿ ಬೇಟಾ, ಗಾಡಿ ಹೋಗ್ಲಿ," ಅನ್ನುವರು. ಮಾಲಿನ ಗಾಡಿ, ಸಿಮೆಂಟು ತುಂಬಿದ್ದು, ಮುಗಿಯುವುದೇ ಇಲ್ಲ. ಮುಗಿದ ಮೇಲೆ, "ಶ್ಯಾವಿಗಿ ಬಿತ್ತೇನೋ?"

"ಬಿತ್ರಿ."

"ಹಂಗಾದ್ರ ಉಣ್ಣು."

ಅಷ್ಟೇ ಮಾತು. ಆಮೇಲೆ ಮತ್ತೊಂದು ಗಾಡಿ ಬರುವುದು.

ಆ ಬೇಸಿಗೆ ಕೆಲಸ ಏನೆಂದರೆ ಬೀಜವನ್ನು ಬಿಸಿಲಿನಿಂದ ಕಾಯುವುದು. ಖಣಿಯ ಗೋಡೆಯ ನೆರಳು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ. ನಡುಹೊತ್ತಿನಲ್ಲಿ ಎಲ್ಲಿಯೂ ಇಲ್ಲ. ಗೋಣಿ ಚೀಲ ನೆನೆಸಿ ತೊಟ್ಟಿಯ ಸುತ್ತ ಕಟ್ಟಬೇಕು. ಒಣಗಿದ ಕೂಡಲೇ ಮತ್ತೆ ನೆನೆಸಬೇಕು. ಮಡುವಿನಿಂದ ಕೊಡದಲ್ಲಿ ನೀರು ತರಬೇಕು. ಕಲ್ಲಿನ ಬಿಸಿಗೆ ಚೀಲ ಕಟ್ಟಿ ಮುಗಿಯುವಷ್ಟರಲ್ಲಿ ಮೊದಲು ಕಟ್ಟಿದ್ದು ಒಣಗಿರುತ್ತಿತ್ತು. ಊರಿಗೆ ಹೋಗಲು ಆಗುತ್ತಿರಲಿಲ್ಲ. ಒಂದು ಹಗಲು ಬಿಟ್ಟು ಹೋದರೂ ನೀರು ಕಾದು ಎಲ್ಲ ಕೆಂಪಾಗುತ್ತಿತ್ತು.

ನೀರಿನ ಜೊತೆ ಮಾತಾಡಿದೆ ಎಂದೆಲ್ಲ ಬರೆಯುವುದಿಲ್ಲ. ಮಾತಾಡಲಿಲ್ಲ. ಯಾರ ಜೊತೆಯೂ ಮಾತಾಡಲಿಲ್ಲ. ಒಮ್ಮೆ ಮೇಲೆ ಕುರಿ ಕಾಯುವವನು ನೀರು ಕೇಳಲು ಕೂಗಿದಾಗ ಉತ್ತರ ಕೊಡಲು ಹೋದರೆ ಗಂಟಲಿನಿಂದ ಸದ್ದೇ ಬರಲಿಲ್ಲ. ಕೆಮ್ಮಿ ಸರಿ ಮಾಡಿಕೊಂಡೆ.

ಅದೇ ಬೇಸಿಗೆಯಲ್ಲಿ ಮನೆಯವರು ಆಡಕಿಯಲ್ಲಿ ಹೆಣ್ಣು ನೋಡಿದ್ದರು. ನನಗೆ ಹೋಗಲು ಆಗಲಿಲ್ಲ, ಅವ್ವ, ಮಾವ ಹೋಗಿ ಬಂದರು. ಆಮೇಲೆ ಮಾವ ಫೋನಿನಲ್ಲಿ ಹೇಳಿದ.

"ಹುಡುಗ ಏನ್ ಮಾಡ್ತಾನ ಅಂತ ಕೇಳಿದ್ರಪ್ಪ. ಪಾಚಿ ಕಾಯ್ತಾನ ಅಂದೆ."

"ಏನಂದ್ರು?"

"ದನ ಕಾಯೋರು ಗೊತ್ತು, ಹೊಲ ಕಾಯೋರು ಗೊತ್ತು, ಪಾಚಿ ಏನು ಓಡಿ ಹೋಗ್ತದೇನು ಅಂದ್ರು. ಎಲ್ಲಾರೂ ನಕ್ರು."

"ನೀ?"

"ನಾನೂ ನಕ್ಕೆ. ಮತ್ತೇನ್ ಮಾಡ್ಲಿ."

ಅಲ್ಲಿಗೆ ಅದು ಮುಗಿಯಿತು. ನಾನು ಇಳಿದು ಬಂದು ಚೀಲ ನೆನೆಸಿದೆ.

ಬೀಜ ಉಳಿಯಿತು. ಮೊದಲ ಮಳೆ ಬಿದ್ದಾಗಲೂ ಹಸಿರಾಗಿಯೇ ಇತ್ತು. ಆ ದಿನ ಚಕ್ರ ನಿಲ್ಲಿಸಿದಾಗ ರೊಟ್ಟಿಯ ಗಂಟು ಬಿಚ್ಚುವ ಮುಂಚೆಯೇ ಎಳೆ ಬಿದ್ದವು. ಸಣ್ಣವು, ಒತ್ತಾಗಿ. ಅಷ್ಟು ಚೆನ್ನಾಗಿ ಎಂದೂ ಬಿದ್ದಿರಲಿಲ್ಲ. ಮೆಟ್ಟಿಲು ಹತ್ತಿ ಸಾಹೇಬರಿಗೆ ಫೋನ್ ಮಾಡಿದೆ.

"ಸಾಹೇಬ್ರ, ಮಳಿ ಬಂತು. ಬೀಜ ಹಸಿರದ. ಕೊಳ್ಳೋರು ಯಾವಾಗ ಬರ್ತಾರ?"



"ಬರಂಗಿಲ್ಲೋ ನಾಗ್ಯಾ. ಅವರು ಬ್ಯಾರೆ ಕಡಿ ಮಾಡ್ಕೊಂಡ್ರು. ಮಾಲಕರು ಜಾಗ ಬಿಟ್ಟು ಕೊಡ್ಲಿಕತ್ತಾರ. ತೊಟ್ಟಿ ಗಾಜು, ಪೈಪು ಒಯ್ಯಲಿಕ್ಕ ಗಾಡಿ ಬರ್ತದ ನಾಳಿಗಿ. ಖಾಲಿ ಮಾಡಿ ಇಡು."

"ಸತ್ತಿಲ್ರಿ ಅದು. ನಲ್ಲಿ ನೋಡಿಲ್ಲ ನಾ, ಗಾಜಿನಾಗ ನೋಡೀನಿ."

"ನಂಗೊತ್ತದ ಸತ್ತಿಲ್ಲಂತ. ಅದರ ಪ್ರಶ್ನಿ ಅಲ್ಲ ಇದು."

"ಮೇಡಂಗ ಹೇಳ್ರಿ."

"ಹೇಳೀನಿ. ಅವರೂ ಏನ್ ಮಾಡ್ತಾರ. ಅತ್ರು." ಆಮೇಲೆ ಕೇಳಿದರು, "ನೀ ಉಂಡಿ?"

"ಇಲ್ರಿ."

"ಉಣ್ಣು ಮೊದಲ. ಆಮ್ಯಾಲ ಮಾಡು."

ಚಂದ್ರಂಪಳ್ಳಿಯವರಿಗೆ ಆ ಬೀಜ ಕೊಡಬಹುದಿತ್ತಲ್ಲ ಎಂದು ಈಗ ಹುಡುಗರು ಕೇಳುತ್ತಾರೆ. ಆಗ ಚಂದ್ರಂಪಳ್ಳಿಯ ಸುದ್ದಿಯೇ ಇರಲಿಲ್ಲ. ಬಾಟಲಿಯಲ್ಲಿ ಸ್ವಲ್ಪ ಇಟ್ಟುಕೊಳ್ಳಬಹುದಿತ್ತಲ್ಲ ಎಂದೂ ಕೇಳುತ್ತಾರೆ. ನಮ್ಮ ಮನೆ ತಗಡಿನ ಮನೆ. ಕುರಕುಂಟಾದ ಬಿಸಿಲಿಗೆ ತಗಡಿನ ಕೆಳಗೆ ಅದು ಎರಡು ದಿನ ಬಾಳುವುದಿಲ್ಲ. ಸುಮ್ಮನೆ ಒಯ್ದು ಕೊಲ್ಲುವುದು ಯಾಕೆ.

ಉಣ್ಣಲಿಲ್ಲ. ಇಳಿಯುವ ಪೈಪನ್ನು ಒಣ ತೊಟ್ಟಿಯಿಂದ ತೆಗೆದು ಮಡುವಿನ ಕಡೆ ತಿರುಗಿಸಿದೆ. ವಾಲ್ವು ಪೂರ್ತಿ ತೆಗೆದಿದ್ದರೆ ರೊಟ್ಟಿ ತಿನ್ನುವಷ್ಟರಲ್ಲಿ ಮುಗಿಯುವ ಕೆಲಸ. ಆದರೆ ಜೋರು ನೀರಿಗೆ ಮೀಸೆ ಉದುರುತ್ತದೆ. ಕಾಲು ಸುತ್ತಿಗಿಂತ ಕಡಿಮೆ ತೆಗೆದೆ. ಪೈಪಿನ ನಡುವೆ ಹಸಿರು ಸಾಲು ಹತ್ತಿಕೊಂಡಿತು, ಉಡದಾರದಷ್ಟು ದಪ್ಪ. ಗೋಡೆಗೆ ಒಂದೂ ತಾಗುತ್ತಿರಲಿಲ್ಲ. ಹಾಗೇ ಮಡುವಿಗೆ ಇಳಿಯಿತು.

ನಡುವೆ ಒಮ್ಮೆ ಮೇಲೆ ಹತ್ತಿದೆ. ಸಾಹೇಬರ ಫೋನು ಬಂತು.

"ಇನ್ನಾ ಖಾಲಿ ಆಗಿಲ್ಲೇನೋ?"

"ಆಗ್ಲಿಕತ್ತದ್ರಿ."

"ಇಷ್ಟೊತ್ತು ಬೇಕೇನು ಒಂದು ತೊಟ್ಟಿಗೆ?"

"ಬೇಕ್ರಿ."

ಅವರು ಫೋನ್ ಇಟ್ಟರು. ಚಾಚಾಗೆ ಫೋನ್ ಹಚ್ಚಿದೆ. ಗಾಡಿ ಹೋಗುತ್ತಿತ್ತು. "ತಡಿ ಬೇಟಾ," ಎಂದರು. ನಾನು ತಡೆಯಲಿಲ್ಲ, ಕಟ್ ಮಾಡಿ ಇಳಿದೆ. ವಾಲ್ವಿನ ಹತ್ತಿರ ಯಾರಾದರೂ ಇರಬೇಕಿತ್ತು.

ಹೊತ್ತು ಮುಳುಗುವ ಮುಂಚೆ ತೊಟ್ಟಿ ಖಾಲಿ ಆಯಿತು. ಕೊನೆಗೆ ಸಾಲು ತೆಳ್ಳಗಾಗುತ್ತ ಹೋಗಿ ನಿಂತಿತು. ಪೈಪು ಚೊಕ್ಕ ಇತ್ತು, ತೊಳೆಯುವುದೇ ಬೇಕಾಗಲಿಲ್ಲ.

ಮಡು ಆಮೇಲೆ ಹಸಿರಾಯಿತೇ ಎಂದು ಕೇಳುತ್ತಾರೆ. ಖಣಿಯ ನೀರು ಮೊದಲೇ ಹಸಿರು. ಮೇಲೆ ನಿಂತು ನೋಡಿದರೆ ಯಾವ ಹಸಿರು ಯಾವುದು ಎಂದು ತಿಳಿಯುವುದಿಲ್ಲ.

ಹೊಸಬರು ಚಕ್ರ ನಿಧಾನ ಇಡಿ. ನಲ್ಲಿ ನಂಬಬೇಡಿ. ಒಬ್ಬರೇ ಇರಬೇಡಿ, ಜೊತೆಗೆ ಇನ್ನೊಬ್ಬರನ್ನು ಕೇಳಿ ಪಡೆಯಿರಿ. ಹೇಳಲಿಕ್ಕೆ ನನ್ನ ಹತ್ತಿರ ಇನ್ನೇನೂ ಇಲ್ಲ.